ಬೀಗ ಮಾಡಿದವರೇ ಅದರ ದೋಷವನ್ನೂ ಬರೆದಿಟ್ಟರು: ಕಂಪ್ಯೂಟರ್ ಲೋಕದ ಡೆನ್ನಿಸ್ ರಿಚಿ

ರಾತ್ರಿ ಶಟರ್ ಎಳೆದು ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡದೆ ಮನೆ ಕಡೆ ಹೊರಡುವ ಅಂಗಡಿಯವರು ಯಾವ ಊರಲ್ಲೂ ಸಿಗುವುದು ಕಷ್ಟ. ಬೀಗ ಬಿದ್ದಿದೆ ಅಂತ ಗೊತ್ತಿದ್ದರೂ ಕೈ ಸುಮ್ಮನಿರುವುದಿಲ್ಲ. ದೊಡ್ಡ ದೊಡ್ಡ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಸಿಸ್ಟಂ ಅಡ್ಮಿನ್‌ಗಳಿಗೂ ಇಂಥದ್ದೇ ಒಂದು ಅಭ್ಯಾಸ ಇದೆ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಟೈಪ್ ಮಾಡುತ್ತಾರೆ. ಈ ಯಂತ್ರದಲ್ಲಿ ಯಜಮಾನನ ಅಧಿಕಾರ ಹೊತ್ತು ಓಡುವ ಪ್ರೋಗ್ರಾಂಗಳು ಯಾವ್ಯಾವು, ನಿನ್ನೆ ಇಲ್ಲದ್ದು ಇವತ್ತು ಯಾವುದಾದರೂ ಸೇರಿಕೊಂಡಿದೆಯಾ ಅಂತ ಆ ಸಾಲು ಮೂಲೆ ಮೂಲೆ ಹುಡುಕಿ ಪಟ್ಟಿ ಕೊಡುತ್ತದೆ. ಬೀಗ ಜಗ್ಗಿ ನೋಡುವ ಕೆಲಸವೇ ಅದು.

ಆ ಬೀಗವನ್ನು ಕಂಡುಹಿಡಿದವರು ಡೆನ್ನಿಸ್ ರಿಚಿ. ಸಿ ಭಾಷೆ ಮಾಡಿದವರು, ಕೆನ್ ಥಾಂಪ್ಸನ್ ಜೊತೆ ಸೇರಿ ಯುನಿಕ್ಸ್ ಕಟ್ಟಿದವರು ಅಂತ ಕಂಪ್ಯೂಟರ್ ಓದಿದ ಮಕ್ಕಳಿಗೆಲ್ಲ ಅವರ ಹೆಸರು ಗೊತ್ತು. ಗಲ್ಲಾಪೆಟ್ಟಿಗೆ ಪಕ್ಕದಲ್ಲಿರುವ ಆಂಡ್ರಾಯ್ಡ್ ಮೊಬೈಲ್ ತೆಗೆದುಕೊಳ್ಳಿ. ಅದರೊಳಗಿನ ಲಿನಕ್ಸ್ ಯುನಿಕ್ಸ್‌ನ ದಾರಿಯಲ್ಲೇ ನಡೆದದ್ದು, ಬಹುಪಾಲು ಸಿ ಭಾಷೆಯಲ್ಲೇ ಬರೆದದ್ದು. ಇದು ಅವರ ಬದುಕಿನ ಪ್ರಸಿದ್ಧ ಮುಖ. ಇನ್ನೊಂದು ಮುಖ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ತಾವು ಕಟ್ಟಿದ ಮನೆಯ ಗೋಡೆ ಎಲ್ಲಿ ತೆಳುವಾಗಿದೆ, ಕಳ್ಳ ಎಲ್ಲಿಂದ ನುಗ್ಗಬಹುದು ಅನ್ನೋದನ್ನ ತಾವೇ ಕೂತು ಬರೆದು, ಮನೆಯ ಜೊತೆಗೇ ಊರಿಗೆಲ್ಲ ಹಂಚಿದ ಮನುಷ್ಯ ಅವರು.

ಬೈಂಡ್ ಮಾಡಿಸದ ಪ್ರಬಂಧ

ಡೆನ್ನಿಸ್ ಮ್ಯಾಕಲಿಸ್ಟರ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮಿಟ್ ಎಂಬ ಪಟ್ಟಣದಲ್ಲಿ. ತಂದೆ ಅಲಿಸ್ಟರ್ ರಿಚಿ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್. ಟೆಲಿಫೋನ್ ಕರೆಗಳನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸುವ ಸ್ವಿಚಿಂಗ್ ಸರ್ಕ್ಯೂಟ್‌ಗಳ ಬಗ್ಗೆ ಇಬ್ಬರು ಸಹೋದ್ಯೋಗಿಗಳ ಜೊತೆ 1951ರಲ್ಲಿ ಪುಸ್ತಕವನ್ನೇ ಬರೆದವರು. ಮಗನಿಗೂ ಮುಂದೆ ಅದೇ ಬೆಲ್ ಲ್ಯಾಬ್ಸ್ ಅನ್ನಕೊಟ್ಟ ಮನೆಯಾಯಿತು.

ಹುಡುಗ ಹಾರ್ವರ್ಡ್ ಸೇರಿ ಭೌತಶಾಸ್ತ್ರ ಓದಿದ. 1963ರಲ್ಲಿ ಪದವಿ ಬಂತು. ಅಷ್ಟರಲ್ಲಿ ಕಂಪ್ಯೂಟರ್ ರುಚಿ ಹತ್ತಿಬಿಟ್ಟಿತ್ತು. ಮುಂದೆ ಅಲ್ಲೇ ಅನ್ವಯಿಕ ಗಣಿತದಲ್ಲಿ ಪಿಎಚ್‌ಡಿಗೆ ಕೂತರು. 1968ರ ಹೊತ್ತಿಗೆ ಪ್ರಬಂಧ ಮುಗಿಯಿತು, ಮಾರ್ಗದರ್ಶಕರು ಒಪ್ಪಿದರು. ಉಳಿದದ್ದು ಒಂದೇ. ಪ್ರಬಂಧವನ್ನು ಬೈಂಡ್ ಮಾಡಿಸಿ ಲೈಬ್ರರಿಗೆ ಒಂದು ಪ್ರತಿ ಕೊಡಬೇಕು. ರಿಚಿ ಕೊಡಲೇ ಇಲ್ಲ. ಬೈಂಡಿಂಗ್ ಖರ್ಚು ತಾನ್ಯಾಕೆ ಕೊಡಬೇಕು ಅಂತ ಹಟ ಹಿಡಿದರು ಅಂತ ಗೆಳೆಯರು ನೆನೆಯುತ್ತಾರೆ. ಮನೆಯವರಿಗೆ ಅದು ಕೊನೆವರೆಗೂ ಒಗಟೇ. ಒಟ್ಟಿನಲ್ಲಿ ಡಾಕ್ಟರೇಟ್ ಅವರ ಹೆಸರಿನ ಹಿಂದೆ ಸೇರಲಿಲ್ಲ. ಪ್ರಬಂಧದ ಪ್ರತಿ ಮತ್ತೆ ಎಲ್ಲರ ಕಣ್ಣಿಗೆ ಬಿದ್ದದ್ದು 2020ರಲ್ಲಿ, ಅವರು ತೀರಿಕೊಂಡು ಒಂಬತ್ತು ವರ್ಷ ಕಳೆದ ಮೇಲೆ.

ಭೌತಶಾಸ್ತ್ರಕ್ಕೆ ಬೇಕಾದಷ್ಟು ಬುದ್ಧಿ ತನಗಿಲ್ಲ ಅಂತ ಪದವಿ ಓದುವಾಗ ಗೊತ್ತಾಯಿತು, ಲೆಕ್ಕಾಚಾರದ ಸಿದ್ಧಾಂತಕ್ಕೂ ಸಾಲದು ಅಂತ ಪಿಎಚ್‌ಡಿ ಮಾಡುವಾಗ ಗೊತ್ತಾಯಿತು ಅಂತ ಮುಂದೊಂದು ಕಾಲದಲ್ಲಿ ಅವರು ತಮ್ಮ ಬಗ್ಗೆಯೇ ನಗುತ್ತಾ ಬರೆದುಕೊಂಡದ್ದುಂಟು. ತನ್ನ ಕೊರತೆಯನ್ನು ಮುಚ್ಚಿಡದ ಈ ಗುಣ ಮುಂದೆಯೂ ಹೋಗಲಿಲ್ಲ.

ಮೂರು ಜನ ಟೈಪಿಸ್ಟರು, ಒಂದು ಡಿಸ್ಕ್

1967ರಲ್ಲಿ ರಿಚಿ ಬೆಲ್ ಲ್ಯಾಬ್ಸ್ ಸೇರಿದಾಗ ಅಲ್ಲಿ ಮಲ್ಟಿಕ್ಸ್ ಎಂಬ ಭಾರೀ ಯೋಜನೆ ನಡೆಯುತ್ತಿತ್ತು. ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಮೂರೂ ಸೇರಿ ಒಂದೇ ಕಂಪ್ಯೂಟರನ್ನು ನೂರಾರು ಜನ ಏಕಕಾಲಕ್ಕೆ ಬಳಸುವ ವ್ಯವಸ್ಥೆ ಕಟ್ಟಲು ಹೊರಟಿದ್ದವು. ಕೆಲಸ ಎಳೆಯಿತು, ಖರ್ಚು ಏರಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಕೈ ತೊಳೆದುಕೊಂಡಿತು. ಕೂಡಿ ಕೆಲಸ ಮಾಡುವ ಆ ವಾತಾವರಣದ ರುಚಿ ಕಂಡಿದ್ದ ಥಾಂಪ್ಸನ್, ರಿಚಿ ಮತ್ತು ಕೆಲವರಿಗೆ ಇದ್ದಕ್ಕಿದ್ದಂತೆ ಮನೆ ಕಳೆದುಕೊಂಡ ಹಾಗಾಯಿತು.

ಆಗ ಥಾಂಪ್ಸನ್ ಒಂದು ಆಟ ಬರೆದುಕೊಂಡಿದ್ದರು. ಗ್ರಹಗಳ ನಡುವೆ ನೌಕೆ ಓಡಿಸುವ ಆಟ. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಲೆಕ್ಕದಲ್ಲಿ ಸುಮಾರು 75 ಡಾಲರ್ ಬೀಳುತ್ತಿತ್ತು. ಯಾರೂ ಹೆಚ್ಚು ಬಳಸದ ಪಿಡಿಪಿ-7 ಎಂಬ ಚಿಕ್ಕ ಯಂತ್ರವೊಂದು ಕಣ್ಣಿಗೆ ಬಿತ್ತು. ರಿಚಿ ಜೊತೆ ಸೇರಿ ಆಟವನ್ನು ಅದಕ್ಕೆ ಸಾಗಿಸಿದರು. ಆ ಯಂತ್ರದ ಪರಿಚಯವೇ ಯುನಿಕ್ಸ್‌ಗೆ ದಾರಿಯಾಯಿತು. 1969ರ ಬೇಸಿಗೆಯಲ್ಲಿ ಥಾಂಪ್ಸನ್ ಅವರ ಹೆಂಡತಿ ಕೂಸನ್ನು ಎತ್ತಿಕೊಂಡು ಕ್ಯಾಲಿಫೋರ್ನಿಯಾಗೆ ಹೋಗಿದ್ದ ಮೂರು ವಾರಗಳಲ್ಲಿ ಅದರ ಮೊದಲ ರೂಪ ನಿಂತಿತು.

ಯುನಿಕ್ಸ್‌ನಲ್ಲಿ ಮನುಷ್ಯ ಯಂತ್ರದ ಜೊತೆ ಮಾತಾಡುವುದು ಶೆಲ್ ಮೂಲಕ. ಬಣ್ಣದ ಚಿತ್ರ ಇಲ್ಲ, ಒತ್ತುವ ಬಟನ್ ಇಲ್ಲ. ಒಂದು ಸಾಲು ಟೈಪ್ ಮಾಡಿ, ಯಂತ್ರ ಉತ್ತರ ಕೊಡುತ್ತದೆ. ಕಡತಗಳ ಪಟ್ಟಿಗೆ ಎಲ್‌ಎಸ್, ಯಾರ್‍ಯಾರು ಒಳಗಿದ್ದಾರೆ ಅಂತ ನೋಡಲು ಹೂ, ಯಜಮಾನನ ಅಧಿಕಾರ ಪಡೆಯಲು ಎಸ್‌ಯು, ಯಾರು ಯಾವ ಕಡತ ಮುಟ್ಟಬಹುದು ಅಂತ ಗೊತ್ತುಮಾಡಲು ಸಿಎಚ್‌ಮಾಡ್. ಹೆಸರೆಲ್ಲ ಗಿಡ್ಡ. ಆಗಿನ ಟೆಲಿಟೈಪ್ ಯಂತ್ರ ನಿಧಾನ, ಒಂದೊಂದು ಅಕ್ಷರ ಒತ್ತುವುದೂ ಬೆರಳಿಗೆ ಕೆಲಸ. 1971ರ ನವೆಂಬರ್ 3ರಂದು ಬಂದ ಮೊದಲ ಕೈಪಿಡಿಯಲ್ಲಿ ಈ ಹೆಸರುಗಳೆಲ್ಲ ಇದ್ದವು. ಇವತ್ತು ಬೆಂಗಳೂರಿನ ಯಾವ ಡೇಟಾ ಸೆಂಟರ್‌ಗೆ ಹೋದರೂ ಇವೇ ಹೆಸರುಗಳು ಓಡುತ್ತಿರುತ್ತವೆ.

ಆ ಕೈಪಿಡಿಯಲ್ಲಿ ಒಂದು ವಿಶೇಷ ಇತ್ತು. ಪ್ರತಿ ಆಜ್ಞೆಯ ಪುಟದಲ್ಲಿ ಅದು ಏನು ಮಾಡುತ್ತದೆ ಅಂತ ಬರೆದ ಮೇಲೆ, ಕೊನೆಯಲ್ಲಿ ದೋಷಗಳು ಎಂಬ ತಲೆಬರಹ. ಏನು ಕೆಟ್ಟಿದೆ, ಎಲ್ಲಿ ಎಡವುತ್ತದೆ, ಅದನ್ನೂ ಬರೆಯಬೇಕು. ಸಾಮಾನು ಮಾರುವವನು ತೂತಿರುವ ಪಾತ್ರೆಯ ಮೇಲೆ ಇಲ್ಲಿ ತೂತಿದೆ ಅಂತ ಚೀಟಿ ಅಂಟಿಸಿದ ಹಾಗೆ. ಯಾವ ವ್ಯಾಪಾರಿಗೂ ಈ ಬುದ್ಧಿ ಹಿಡಿಸಲಿಕ್ಕಿಲ್ಲ ಬಿಡಿ. ಅವರು ವ್ಯಾಪಾರಿಗಳಾಗಿರಲಿಲ್ಲ, ಅದೂ ಒಂದು ಕಾರಣ. ಟೆಲಿಫೋನ್ ಕಂಪನಿಯಾದ ಎಟಿ ಅಂಡ್ ಟಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿಲ್ಲ ಎಂಬ 1956ರ ಒಪ್ಪಂದ ಇತ್ತು. ಹಾಗಾಗಿ ಯುನಿಕ್ಸ್ ಅಲ್ಪ ಶುಲ್ಕಕ್ಕೆ, ಮೂಲ ಬರಹದ ಸಮೇತ, ವಿಶ್ವವಿದ್ಯಾಲಯಗಳಿಗೆ ಹೋಯಿತು.

ಹೊಸ ಯಂತ್ರ ಪಿಡಿಪಿ-11 ಕೊಳ್ಳಲು ಹಣ ಬೇಕಿತ್ತಲ್ಲ, ಅದಕ್ಕೆ ಪೇಟೆಂಟ್ ಅರ್ಜಿಗಳನ್ನು ಟೈಪ್ ಮಾಡುವ ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ ಒಪ್ಪಿಕೊಂಡಿದ್ದರು. 1971ರ ಕೊನೆಯ ಆರು ತಿಂಗಳು ಪೇಟೆಂಟ್ ವಿಭಾಗದ ಮೂರು ಜನ ಟೈಪಿಸ್ಟರು ದಿನವಿಡೀ ಅದೇ ಯಂತ್ರದಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದರು. ಯಂತ್ರದ ನೆನಪಿನ ಜಾಗ ಒಟ್ಟು 24 ಸಾವಿರ ಬೈಟ್, ಡಿಸ್ಕ್ ಅರ್ಧ ಮೆಗಾಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಹಾಕಿದರೆ ತುಂಬಿ ಹೋಗುವಷ್ಟು. ಕೆಲವೇ ಗಂಟೆಗೊಮ್ಮೆ ಟೈಪಿಸ್ಟರ ಕೆಲಸವನ್ನು ಟೇಪಿಗೆ ಎತ್ತಿಡಬೇಕಿತ್ತು. ಒಬ್ಬರ ಪ್ರೋಗ್ರಾಂ ಇನ್ನೊಬ್ಬರ ಜಾಗಕ್ಕೆ ಕಾಲಿಡದಂತೆ ತಡೆಯುವ ಗೋಡೆಯೇ ಆ ಯಂತ್ರದಲ್ಲಿ ಇರಲಿಲ್ಲ. ರಿಚಿಯೋ ಥಾಂಪ್ಸನ್ನೋ ಹೊಸ ಪ್ರೋಗ್ರಾಂ ಪರೀಕ್ಷೆ ಮಾಡಲು ಹೋಗಿ ಒಂದು ತಪ್ಪಾದರೆ ಸಾಕು, ಇಡೀ ಯಂತ್ರ ಕುಸಿದು ಟೈಪಿಸ್ಟರ ಬೆಳಗ್ಗಿನ ದುಡಿಮೆ ಮಣ್ಣುಪಾಲು. ಒಬ್ಬರ ತಪ್ಪು ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯಬಾರದು ಎಂಬ ಪಾಠ ಪುಸ್ತಕದಿಂದ ಬಂದದ್ದಲ್ಲ, ಆ ಕೋಣೆಯಲ್ಲೇ ಕಲಿತದ್ದು.

ವ್ಯಕ್ತಿಗೆ ಬೇಡ, ಕೆಲಸಕ್ಕೆ ಕೊಡಿ ಅಧಿಕಾರ

ಈಗ ಬೀಗದ ವಿಷಯಕ್ಕೆ ಬರೋಣ.

ಯುನಿಕ್ಸ್‌ನಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್ ಒಂದೇ ಕಡತದಲ್ಲಿ ಇರುತ್ತಿತ್ತು. ಅದನ್ನು ತಿದ್ದುವ ಅಧಿಕಾರ ರೂಟ್ ಎಂಬ ಯಜಮಾನ ಖಾತೆಗೆ ಮಾತ್ರ. ಆದರೆ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಾಯಿಸಬೇಕು ಅಂದ್ರೆ? ಎಲ್ಲರಿಗೂ ಆ ಕಡತ ತಿದ್ದಲು ಬಿಟ್ಟರೆ ಒಬ್ಬರ ಸಾಲನ್ನು ಇನ್ನೊಬ್ಬರು ತಿದ್ದುತ್ತಾರೆ. ಬಿಡದಿದ್ದರೆ ಪ್ರತಿ ಸಲ ಯಜಮಾನನ ಮುಂದೆ ಕ್ಯೂ ನಿಲ್ಲಬೇಕು.

ರಿಚಿ ಹುಡುಕಿದ ದಾರಿ ಸರಳ. ಅಧಿಕಾರವನ್ನು ಮನುಷ್ಯನಿಗೆ ಕೊಡಬೇಡಿ, ಒಂದು ನಿರ್ದಿಷ್ಟ ಪ್ರೋಗ್ರಾಂಗೆ ಕೊಡಿ. ತಾಲ್ಲೂಕು ಕಚೇರಿಯಲ್ಲಿ ಹಳೇ ದಾಖಲೆಯ ನಕಲು ಬೇಕಾದರೆ ರೆಕಾರ್ಡ್ ರೂಮಿನ ಕೀಲಿಯನ್ನು ಯಾರೂ ನಿಮ್ಮ ಕೈಗೆ ಕೊಡುವುದಿಲ್ಲ. ಅರ್ಜಿ ಕೊಡುತ್ತೀರಿ, ಗುಮಾಸ್ತರು ಒಳಗೆ ಹೋಗಿ ನಿಮ್ಮ ಕಾಗದದ ನಕಲನ್ನಷ್ಟೇ ತಂದುಕೊಡುತ್ತಾರೆ. ಕೋಣೆ ತೆರೆಯುವ ಅಧಿಕಾರ ಗುಮಾಸ್ತರದ್ದು, ಕೆಲಸ ನಿಮ್ಮದು. ಹಾಗೆಯೇ ಪಾಸ್‌ವರ್ಡ್ ಬದಲಾಯಿಸುವ ಪ್ರೋಗ್ರಾಂಗೆ ಒಂದು ಗುರುತು ಹಾಕಿಬಿಟ್ಟರೆ, ಅದನ್ನು ಯಾರೇ ಓಡಿಸಲಿ, ಓಡುವಷ್ಟು ಹೊತ್ತು ಅದಕ್ಕೆ ಯಜಮಾನನ ಅಧಿಕಾರ ಇರುತ್ತದೆ. ಅದು ಮಾಡುವುದು ಒಂದೇ ಕೆಲಸ, ನಿಮ್ಮ ಸಾಲನ್ನು ತಿದ್ದುವುದು. ಮುಗಿದ ಕೂಡಲೇ ಅಧಿಕಾರವೂ ಮುಗಿಯಿತು. ಈ ಗುರುತಿಗೆ ಸೆಟ್‌ಯುಐಡಿ ಅಂತ ಹೆಸರು. ಕಡತಗಳ ಪಟ್ಟಿ ತೆಗೆದರೆ ಅಂಥ ಪ್ರೋಗ್ರಾಂನ ಮುಂದೆ ಒಂದು ಎಸ್ ಅಕ್ಷರ ಕಾಣುತ್ತದೆ. ಅಷ್ಟೇ.

ಥಾಂಪ್ಸನ್ ಜೊತೆ ಸೇರಿ 1974ರಲ್ಲಿ ಪ್ರಕಟಿಸಿದ ಯುನಿಕ್ಸ್‌ನ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೆ ಒಂದು ಉದಾಹರಣೆ ಬರುತ್ತದೆ, ಅದೂ ಒಂದು ಆಟದ್ದು. ಮೂ ಎಂಬ ಅಂಕಿ ಊಹಿಸುವ ಆಟ. ಆಡಿದವರ ಅಂಕ ಬರೆದಿಡುವ ಪುಸ್ತಕವನ್ನು ಆಟದ ಪ್ರೋಗ್ರಾಂ ತಿದ್ದಬೇಕು, ಆಟಗಾರರು ಮುಟ್ಟಬಾರದು. ಅಂಕ ತಿದ್ದುವ ಕಳ್ಳಾಟ ತಡೆಯುವ ಉಪಾಯವೇ ಬ್ಯಾಂಕಿನ ಸರ್ವರ್‌ವರೆಗೂ ಬಂತು.

ಬೆಲ್ ಲ್ಯಾಬ್ಸ್ 1973ರ ಜುಲೈನಲ್ಲಿ ರಿಚಿ ಹೆಸರಿನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿತು. 1979ರ ಜನವರಿಯಲ್ಲಿ 41,35,240 ಸಂಖ್ಯೆಯ ಪೇಟೆಂಟ್ ಸಿಕ್ಕಿತು. ಬಳಸಿದವರಿಂದೆಲ್ಲ ಹಣ ವಸೂಲಿ ಮಾಡುವ ಯೋಚನೆ ಮೊದಲು ಇತ್ತು, ಆಮೇಲೆ ಅದು ಸಾರ್ವಜನಿಕರ ಪಾಲಿಗೆ ಬಿಟ್ಟುಕೊಟ್ಟದ್ದಾಯಿತು. ಯಾರು ಬೇಕಾದರೂ ಬಳಸಬಹುದು, ಕಾಸು ಕೊಡಬೇಕಿಲ್ಲ.

ಇದೇ ವರ್ಷಗಳಲ್ಲಿ ಉಳಿದದ್ದೆಲ್ಲ ಒಂದರ ಹಿಂದೆ ಒಂದು ಬಂತು. ಥಾಂಪ್ಸನ್ ಅವರ ಬಿ ಭಾಷೆಯನ್ನು ಬೆಳೆಸಿ ರಿಚಿ ಸಿ ಭಾಷೆ ಮಾಡಿದರು, 1973ರ ಬೇಸಿಗೆಯಲ್ಲಿ ಇಬ್ಬರೂ ಸೇರಿ ಯುನಿಕ್ಸ್‌ನ ತಿರುಳನ್ನು ಅದರಲ್ಲೇ ಮತ್ತೆ ಬರೆದರು. 1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ಬರೆದ ಸಿ ಪುಸ್ತಕ ಇವತ್ತಿಗೂ ಕಾಲೇಜು ಹುಡುಗರ ಬ್ಯಾಗಿನಲ್ಲಿದೆ.

ಡಗ್ ಮೆಕಿಲ್‌ರಾಯ್ ಎಂಬ ಹಿರಿಯರ ವರ್ಷಗಟ್ಟಲೆಯ ಒತ್ತಾಯಕ್ಕೆ ಥಾಂಪ್ಸನ್ 1973ರಲ್ಲಿ ಒಂದೇ ರಾತ್ರಿಯಲ್ಲಿ ಪೈಪ್ ಎಂಬ ಸೌಲಭ್ಯ ಸೇರಿಸಿದರು. ಒಂದು ಆಜ್ಞೆಯ ಉತ್ತರವನ್ನು ನೇರ ಇನ್ನೊಂದರ ಬಾಯಿಗೆ ಹಾಕುವುದು. ಅಡ್ಮಿನ್‌ಗಳ ಪುಟ್ಟ ಸ್ಕ್ರಿಪ್ಟ್‌ಗಳಿಗೆ ಜೀವ ಬಂದದ್ದೇ ಇದರಿಂದ. ತಿಂಗಳ ಸಾಮಾನಿನ ಚೀಟಿ ಬರೆದು ಕೊಟ್ಟರೆ ಅಂಗಡಿ ಹುಡುಗ ಒಂದೊಂದೇ ಕಟ್ಟಿಡುವ ಹಾಗೆ, ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಶೆಲ್ ಕ್ರಮವಾಗಿ ಮಾಡುತ್ತಾ ಹೋಗುತ್ತದೆ. ಅದೇ ಸ್ಕ್ರಿಪ್ಟ್. ಇವತ್ತಿನ ಒಂದು ಮಾಮೂಲಿ ಉದಾಹರಣೆ: ಯಂತ್ರದ ದಿನಚರಿ ಕಡತದಿಂದ ತಪ್ಪು ಪಾಸ್‌ವರ್ಡ್ ಎಂಬ ಸಾಲುಗಳನ್ನಷ್ಟೇ ಗ್ರೆಪ್ ಹೆಕ್ಕುತ್ತದೆ, ಸಾರ್ಟ್ ಜೋಡಿಸುತ್ತದೆ, ಯುನೀಕ್ ಎಣಿಸುತ್ತದೆ. ಯಾವ ವಿಳಾಸದಿಂದ ಎಷ್ಟು ಸಲ ಬಾಗಿಲು ಬಡಿದಿದ್ದಾರೆ ಅಂತ ಚಿಟಿಕೆ ಹೊಡೆಯುವಷ್ಟರಲ್ಲಿ ಗೊತ್ತಾಗುತ್ತದೆ. ಉದ್ರಿ ಪುಸ್ತಕದಲ್ಲಿ ಒಬ್ಬನ ಬಾಕಿಯನ್ನೆಲ್ಲ ಹೆಕ್ಕಿ ಕೂಡಿಸಿದ ಹಾಗೆ.

ಮನೆಯ ದೋಷ ಮನೆಯವರೇ ಬರೆದದ್ದು

ಯುನಿಕ್ಸ್ ಎಲ್ಲೆಡೆ ಹಬ್ಬತೊಡಗಿದ ಕಾಲದಲ್ಲಿ ರಿಚಿ ಕೆಲವೇ ಪುಟಗಳ ಒಂದು ಲೇಖನ ಬರೆದರು. ವಿಷಯ ಯುನಿಕ್ಸ್‌ನ ಭದ್ರತೆ. 1979ರ 7ನೇ ಆವೃತ್ತಿಯ ಕೈಪಿಡಿಯ ಜೊತೆಗೇ ಅದು ಅಚ್ಚಾಯಿತು. ಯುನಿಕ್ಸನ್ನು ಭದ್ರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದೇ ಅಲ್ಲ, ಹಾಗಾಗಿ ತೂತುಗಳು ಇದ್ದೇ ಇರುತ್ತವೆ ಎಂಬ ಅರ್ಥದಲ್ಲಿ ಲೇಖನ ಶುರುವಾಗುತ್ತದೆ.

ಮುಂದೆ ತೂತುಗಳ ವಿವರ. ಒಂದು ಸಾಲಿನ ಸ್ಕ್ರಿಪ್ಟ್ ಸಮೇತ ಕೊಟ್ಟಿದ್ದಾರೆ: ಒಂದು ಫೋಲ್ಡರ್ ಮಾಡು, ಅದರೊಳಗೆ ಹೋಗು, ಅಲ್ಲಿ ಇನ್ನೊಂದು ಮಾಡು, ಅದರೊಳಗೆ ಹೋಗು, ನಿಲ್ಲಬೇಡ. ಅಧಿಕಾರವೇ ಇಲ್ಲದ ಯಾವ ಬಳಕೆದಾರ ಬೇಕಾದರೂ ಇದನ್ನು ಓಡಿಸಬಹುದು. ನೋಡನೋಡುತ್ತಾ ಡಿಸ್ಕ್‌ನ ಜಾಗವೆಲ್ಲ ತಿಂದುಹೋಗುತ್ತದೆ, ಇಲ್ಲವೇ ಯಂತ್ರವೇ ನಿಂತುಬಿಡುತ್ತದೆ. ಯಂತ್ರ ಕುಸಿಯದಂತೆ ಕಾಯುವುದರಲ್ಲೇ ಯುನಿಕ್ಸ್ ಎಲ್ಲಕ್ಕಿಂತ ದುರ್ಬಲ ಅಂತ ಒಪ್ಪಿಕೊಂಡಿದ್ದಾರೆ. ಅರ್ಜಿ ಟೈಪಿಸ್ಟರ ಕೋಣೆಯಲ್ಲಿ ಕೂತಿದ್ದ ಮನುಷ್ಯನಿಗೆ ಅದು ಚೆನ್ನಾಗಿ ಗೊತ್ತಿತ್ತು.

ತಮ್ಮದೇ ಸೆಟ್‌ಯುಐಡಿ ಬೀಗದ ಅಪಾಯವನ್ನೂ ಬಿಡಲಿಲ್ಲ. ಆ ಗುರುತಿರುವ ಪ್ರೋಗ್ರಾಂ ಕಡತವನ್ನು ಯಾರು ಬೇಕಾದರೂ ತಿದ್ದುವ ಹಾಗೆ ಬಿಟ್ಟರೆ ಮುಗಿಯಿತು. ಅದರ ಜಾಗದಲ್ಲಿ ಶೆಲ್ಲನ್ನೇ ತಂದು ಕೂರಿಸಿದವನಿಗೆ ಪಾಸ್‌ವರ್ಡ್ ಇಲ್ಲದೆ ಯಜಮಾನಿಕೆ. ಗುಮಾಸ್ತರ ಕುರ್ಚಿ ಖಾಲಿ ಬಿಟ್ಟು, ಕೀಲಿ ಮೇಜಿನ ಮೇಲಿಟ್ಟು ಊಟಕ್ಕೆ ಹೋದ ಹಾಗೆ. ಅಡ್ಮಿನ್‌ಗಳು ಆ ಎಸ್ ಅಕ್ಷರದ ಕಡತಗಳನ್ನು ಹುಡುಕುವ ಸ್ಕ್ರಿಪ್ಟ್ ಓಡಿಸುವುದು ಈ ಭಯಕ್ಕೇ.

ಇನ್ನೊಂದು ಬಲೆಯನ್ನೂ ವಿವರಿಸಿದ್ದಾರೆ. ಟರ್ಮಿನಲ್ ಮೇಲೆ ನಿಜವಾದ ಲಾಗಿನ್ ಹಾಗೆಯೇ ಕಾಣುವ ಒಂದು ಸುಳ್ಳು ಪ್ರೋಗ್ರಾಂ ಓಡಿಸಿ ಎದ್ದು ಹೋಗುವುದು. ಮುಂದೆ ಬಂದು ಕೂತವನು ತನ್ನ ಹೆಸರು, ಪಾಸ್‌ವರ್ಡ್ ಒತ್ತುತ್ತಾನೆ. ಎಲ್ಲವೂ ಕಳ್ಳನ ಕಡತಕ್ಕೆ. ಬ್ಯಾಂಕಿನ ಪುಟದಂತೆಯೇ ಕಾಣುವ ಸುಳ್ಳು ಪುಟದ ಲಿಂಕ್ ಕಳಿಸಿ ಪಿನ್ ಕದಿಯುವವರು ಮಾಡುತ್ತಿರುವುದು ಇದನ್ನೇ. ಟೆಲಿಟೈಪ್ ಹೋಗಿ ಮೊಬೈಲ್ ಬಂದಿದೆ, ಬಲೆ ಬದಲಾಗಿಲ್ಲ.

ಅದೇ ಕೈಪಿಡಿಯಲ್ಲಿ ಪಾಸ್‌ವರ್ಡ್ ಬಗ್ಗೆ ಇನ್ನೊಂದು ಲೇಖನ ಇದೆ. ಬರೆದವರು ಥಾಂಪ್ಸನ್ ಮತ್ತು ರಾಬರ್ಟ್ ಮಾರಿಸ್. ಮೊದಮೊದಲು ಯುನಿಕ್ಸ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಇದ್ದ ಹಾಗೇ ಬರೆದಿಡುತ್ತಿದ್ದರು. ಆಮೇಲೆ ಗುಪ್ತಲಿಪಿಗೆ ತಿರುಗಿಸಿ, ಕದ್ದವನಿಗೂ ಹಿಂದಕ್ಕೆ ತಿರುಗಿಸಲು ಬರದಂತೆ ಮಾಡಿದರು. ಆದರೆ ಜನ ಇಟ್ಟುಕೊಳ್ಳುವ ಪಾಸ್‌ವರ್ಡೇ ಪೊಳ್ಳಾದರೆ? ಅವರಿಬ್ಬರು 3,289 ಪಾಸ್‌ವರ್ಡ್ ಸೇರಿಸಿ ನೋಡಿದರು. ಒಂದೇ ಅಕ್ಷರದ್ದು 15 ಸಿಕ್ಕವು. ನಾಲ್ಕೇ ಅಕ್ಷರ ಅಥವಾ ಅಂಕಿಯವು 477. ಡಿಕ್ಷನರಿಯ ಪದ, ಜನರ ಹೆಸರು ಎಲ್ಲ ಸೇರಿ 2,831 ಪಾಸ್‌ವರ್ಡ್ ಸುಲಭದ ತುತ್ತು. ನೂರಕ್ಕೆ 86.

ಮುಚ್ಚಿಟ್ಟ ಒಂದೇ ಬರಹ

ಬರೆದದ್ದನ್ನೆಲ್ಲ ಊರಿಗೆ ಹಂಚುತ್ತಿದ್ದ ರಿಚಿ ಒಮ್ಮೆ ಮಾತ್ರ ಬರೆದದ್ದನ್ನು ಒಳಗಿಟ್ಟರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ಎಂ-209 ಎಂಬ ಪುಟ್ಟ ಗುಪ್ತಲಿಪಿ ಯಂತ್ರ ಇತ್ತು. ಸ್ವೀಡನ್ನಿನ ಬೋರಿಸ್ ಹಾಗೆಲಿನ್ ಮಾಡಿದ್ದು. ಮಾರಿಸ್, ಜಿಮ್ ರೀಡ್ಸ್ ಮತ್ತು ರಿಚಿ ಸೇರಿ 1970ರ ದಶಕದಲ್ಲಿ ಅದರ ಸಂದೇಶವನ್ನು, ಒಳಗೇನಿದೆ ಅಂತ ಯಾವ ಸುಳಿವೂ ಇಲ್ಲದೆ, ಕಂಪ್ಯೂಟರಿನಿಂದ ಬಿಡಿಸುವ ವಿಧಾನ ಕಂಡುಹಿಡಿದರು. ಆ ಪ್ರೋಗ್ರಾಂ ಬರೆದವರು ರಿಚಿ.

ಪ್ರಕಟಣೆಗೆ ಲೇಖನ ಸಿದ್ಧ ಮಾಡಿ, ಒಂದು ಪ್ರತಿಯನ್ನು ಅಮೆರಿಕದ ಗೂಢಚರ್ಯೆಯ ಸಂಸ್ಥೆಯಾದ ಎನ್‌ಎಸ್‌ಎಗೂ ಕಳಿಸಿದರು. ಸ್ವಲ್ಪ ದಿನಕ್ಕೆ ನಿವೃತ್ತ ಅಧಿಕಾರಿಯೊಬ್ಬರು ಮಾತಾಡಲು ಬಂದರು. ಬೆದರಿಕೆ ಇಲ್ಲ, ಆದೇಶ ಇಲ್ಲ. ಎಂ-209 ಬಗ್ಗೆ ಸಂಸ್ಥೆಗೆ ಚಿಂತೆಯೇನೂ ಇಲ್ಲ, ಆದರೆ ಇದೇ ವಿಧಾನ ಬೇರೆ ದೇಶಗಳು ಇನ್ನೂ ಬಳಸುತ್ತಿರುವ ಯಂತ್ರಗಳಿಗೂ ತಾಗಬಹುದು ಎಂಬ ಸೂಚನೆ ಅವರ ಮಾತಿನಲ್ಲಿತ್ತು. ಮೂವರೂ ಯೋಚಿಸಿ ಪ್ರಕಟಿಸುವುದು ಬೇಡ ಅಂದುಕೊಂಡರು. ವರ್ಷಗಳಾದ ಮೇಲೆ ರಿಚಿ ಆ ಕಥೆಯನ್ನೂ ಬರೆದಿಟ್ಟರು. ಸರಿಯೋ ತಪ್ಪೋ, ಅದು ಇವತ್ತಿಗೂ ಚರ್ಚೆ ಮಾಡಬಹುದಾದ ವಿಷಯ. ತಮ್ಮದೇ ಬೀಗದ ದೋಷ ಹೇಳಲು ಹಿಂದೆ ಮುಂದೆ ನೋಡದವರು ಪರರ ಬೀಗ ಮುರಿಯುವ ವಿದ್ಯೆಯನ್ನು ಮಾತ್ರ ತಡೆದು ನಿಲ್ಲಿಸಿದರು.

ಮಾರಿಸ್ ಮುಂದೆ ಅದೇ ಎನ್‌ಎಸ್‌ಎ ಸೇರಿದರು. ವಿಧಿಯಾಟ ನೋಡಿ, 1988ರ ನವೆಂಬರ್ 2ರಂದು ಅವರ ಮಗ ರಾಬರ್ಟ್ ಟಪ್ಪನ್ ಮಾರಿಸ್, ಆಗಿನ್ನೂ ವಿದ್ಯಾರ್ಥಿ, ಬಿಟ್ಟ ಒಂದು ಪ್ರೋಗ್ರಾಂ ಅಮೆರಿಕದ ಸಾವಿರಾರು ಯುನಿಕ್ಸ್ ಯಂತ್ರಗಳನ್ನು ಹೊಕ್ಕು ಉಸಿರುಗಟ್ಟಿಸಿತು. ಸುಮಾರು 6,000 ಯಂತ್ರ ಅಂತ ಆಗಿನ ಅಂದಾಜು. ಅದು ಒಳನುಗ್ಗಿದ ಒಂದು ದಾರಿ, ಪೊಳ್ಳು ಪಾಸ್‌ವರ್ಡ್ ಊಹಿಸುವುದು. ಅಪ್ಪ ಒಂಬತ್ತು ವರ್ಷದ ಹಿಂದೆ ಎಚ್ಚರಿಸಿದ್ದೇ ಅದನ್ನು. ಇನ್ನೊಂದು ದಾರಿ ಸಿ ಭಾಷೆಯ ಜೊತೆ ಬರುತ್ತಿದ್ದ ಗೆಟ್ಸ್ ಎಂಬ ಪುಟ್ಟ ಸೌಲಭ್ಯ. ಹೊರಗಿನಿಂದ ಬರುವ ಅಕ್ಷರಗಳನ್ನು ಅದು ಅಳತೆ ನೋಡದೆ ಒಳಗೆ ತುಂಬಿಕೊಳ್ಳುತ್ತದೆ. ಐದು ಸೇರಿನ ಡಬ್ಬಿಗೆ ಹತ್ತು ಸೇರು ಸುರಿದರೂ ಬೇಡ ಅನ್ನುವುದಿಲ್ಲ. ಚೆಲ್ಲಿದ್ದು ಪಕ್ಕದ ಜಾಗವನ್ನು ಕೆಡಿಸುತ್ತದೆ, ಅಲ್ಲಿಂದಲೇ ಕಳ್ಳ ಒಳಗೆ.

ಇದು ಬರೀ ಒಂದು ಸೌಲಭ್ಯದ ತಪ್ಪಲ್ಲ. ಬರೆಯುವವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿದೆ ಎಂಬ ನಂಬಿಕೆಯ ಮೇಲೆ ಸಿ ನಿಂತಿದೆ. ವೇಗ ಬಂದದ್ದೂ ಅದರಿಂದಲೇ, ತೂತು ಬಂದದ್ದೂ ಅದರಿಂದಲೇ. ಅಳತೆ ಮೀರಿ ತುಂಬುವ ಈ ತಪ್ಪಿನಿಂದ ಇವತ್ತಿಗೂ ಜಗತ್ತು ಪಾಡುಪಡುತ್ತಿದೆ. ರಿಚಿಯನ್ನು ಹೊಗಳುವಾಗ ಈ ಬಾಕಿಯನ್ನು ಮರೆತರೆ ಲೆಕ್ಕ ತಾಳೆಯಾಗುವುದಿಲ್ಲ. ಸಿ ಭಾಷೆಯ ಅಧಿಕೃತ ನಿಯಮಗಳಿಂದ ಗೆಟ್ಸ್ ಕಿತ್ತುಹಾಕಿದ್ದು 2011ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅವರು ಇರಲಿಲ್ಲ.

ಕೊನೆಯ ದಿನಗಳು

ರಿಚಿ ಹೆಚ್ಚು ಮಾತಿನವರಲ್ಲ. ಮಧ್ಯಾಹ್ನದ ಹೊತ್ತಿಗೆ ಮರ್ರೇ ಹಿಲ್‌ನ ಕಚೇರಿಗೆ ಬರುವುದು, ಸಂಜೆ ಮನೆಗೆ ಹೋಗುವುದು, ಮತ್ತೆ ನಡುರಾತ್ರಿ ದಾಟುವವರೆಗೆ ಕೆಲಸ. ಮದುವೆ ಆಗಲಿಲ್ಲ. ಪ್ರಶಸ್ತಿಗಳು ತಾವಾಗಿ ಬಂದವು: 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ, 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ. ಬೆಲ್ ಲ್ಯಾಬ್ಸ್ ಲೂಸೆಂಟ್ ಆಗಿ ಕೈ ಬದಲಾದಾಗಲೂ ಅವರು ಅಲ್ಲೇ ಇದ್ದರು. 2007ರಲ್ಲಿ ನಿವೃತ್ತಿ. 2011ರ ಜಪಾನ್ ಪ್ರಶಸ್ತಿಯನ್ನು ಅಲ್ಲಿನ ಭೂಕಂಪದ ಕಾರಣ ಸಮಾರಂಭ ನಡೆಯದೆ, ಮೇ ತಿಂಗಳಲ್ಲಿ ಮರ್ರೇ ಹಿಲ್‌ಗೇ ತಂದು ಕೊಟ್ಟರು.

ಆರೋಗ್ಯ ಕೆಲವು ವರ್ಷಗಳಿಂದ ಕೆಟ್ಟಿತ್ತು. ಕ್ಯಾನ್ಸರ್ ಚಿಕಿತ್ಸೆ, ಹೃದಯದ ತೊಂದರೆ. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಅವರು ತೀರಿಕೊಂಡಿರುವುದು ಕಂಡುಬಂತು. ಒಬ್ಬರೇ ಇದ್ದರು. ವಯಸ್ಸು 70. ಒಂದು ವಾರ ಮೊದಲು ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ರಿಚಿಯ ಸುದ್ದಿ ಹಳೇ ಸಹೋದ್ಯೋಗಿ ರಾಬ್ ಪೈಕ್ ಇಂಟರ್ನೆಟ್‌ನಲ್ಲಿ ಬರೆದ ಮೇಲೆ ನಿಧಾನಕ್ಕೆ ಹರಡಿತು. ಮುಂದಿನ ತಿಂಗಳು ಬಂದ ಫೆಡೋರಾ ಲಿನಕ್ಸ್‌ನ 16ನೇ ಆವೃತ್ತಿಯನ್ನು ಅವರ ನೆನಪಿಗೆ ಅರ್ಪಿಸಿದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬರ್ಕ್ಲಿ ವಿಶ್ವವಿದ್ಯಾಲಯದ ಹಳೇ ಯುನಿಕ್ಸ್ ಬರಹಗಳ ನಡುವೆ ಒಂದು ಪಾಸ್‌ವರ್ಡ್ ಕಡತ ಉಳಿದುಕೊಂಡಿತ್ತು. ಅದರಲ್ಲಿ ಯುನಿಕ್ಸ್ ಕಟ್ಟಿದ ಘಟಾನುಘಟಿಗಳ ಹೆಸರು, ಗುಪ್ತಲಿಪಿಯಲ್ಲಿ ಅವರ ಪಾಸ್‌ವರ್ಡ್. ಹವ್ಯಾಸಿಗಳು ಒಂದೊಂದೇ ಬಿಡಿಸುತ್ತಾ ಬಂದರು. ಥಾಂಪ್ಸನ್ ಅವರದ್ದು ಯಾರಿಗೂ ಬಗ್ಗಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಹೊಸ ಕಾಲದ ಯಂತ್ರ ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ಓಡಿ ಕೊನೆಗೂ ಬಿಡಿಸಿತು. ಅದು ಚೆಸ್ ಆಟದ ಒಂದು ನಡೆಯಾಗಿತ್ತು. ಥಾಂಪ್ಸನ್ ಒಂದೇ ಪದದಲ್ಲಿ ಅಭಿನಂದನೆ ತಿಳಿಸಿ ಸುಮ್ಮನಾದರು.

ರಿಚಿಯದ್ದು ಅದಕ್ಕಿಂತ ಎಷ್ಟೋ ಮೊದಲೇ ಸಿಕ್ಕಿಬಿದ್ದಿತ್ತು. ಡೆನ್ನಿಸ್‌ನ ಡಿ, ಅದರ ಮುಂದೆ ಮ್ಯಾಕಲಿಸ್ಟರ್‌ನ ಎಂ, ಎ, ಸಿ. ಬರೀ ನಾಲ್ಕೇ ಅಕ್ಷರ.